ಆಂಪ್ಲಿಫೈಯರ್ ಪೆಟ್ಟಿಗೆಯ ಗುಂಯ್ ಸದ್ದು: ದೋಷ ಟ್ರಾನ್ಸ್‌ಫಾರ್ಮರಿನದೋ, ಓಣಿಯ ಕರೆಂಟಿನದೋ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಓಣಿಗಳಲ್ಲಿ ಜನ ‘ಟಿಸಿ’ ಎಂದು ಕರೆಯುವ, ಕಂಬದ ಮೇಲಿನ ವಿದ್ಯುತ್ ಪರಿವರ್ತಕದಿಂದ ರಾತ್ರಿಯ ಹೊತ್ತು ಕೇಳಿಬರುವ ಗುಂಯ್ ಎಂಬ ಸದ್ದಿಗೂ, ಅದೇ ಓಣಿಯ ಮನೆಯಲ್ಲಿ ಹಾಡು ಕೇಳಲು ಇಟ್ಟುಕೊಂಡ ಆಂಪ್ಲಿಫೈಯರಿನ ಪೆಟ್ಟಿಗೆಯೊಳಗಿಂದ ಹೊರಡುವ ಸಣ್ಣ ಸದ್ದಿಗೂ ಶ್ರುತಿ ಒಂದೇ. ಎರಡರ ಮೂಲದಲ್ಲಿರುವುದೂ ಕಬ್ಬಿಣದ ತೆಳು ತಗಡುಗಳ ಕಟ್ಟು ಮತ್ತು ಅದರ ಸುತ್ತ ಸುತ್ತಿದ ತಾಮ್ರ ಅಥವಾ ಅಲ್ಯೂಮಿನಿಯಂ ತಂತಿ. ಎರಡೂ ಸೆಕೆಂಡಿಗೆ 100 ಸಲ ಕಂಪಿಸುತ್ತವೆ. ಟಿಸಿಯ ಸದ್ದನ್ನು ಯಾರೂ ದೋಷವೆಂದು ಬಗೆಯುವುದಿಲ್ಲ. ಆದರೆ ಸಾವಿರಾರು ರೂಪಾಯಿ ಕೊಟ್ಟು ತಂದ ಆಂಪ್ಲಿಫೈಯರ್ ಒಂದು ಸಂಜೆ ಇದ್ದಕ್ಕಿದ್ದಂತೆ ಜೋರಾಗಿ ಗುಂಯ್‌ಗುಡತೊಡಗಿದರೆ, ಟ್ರಾನ್ಸ್‌ಫಾರ್ಮರ್ ಕೆಟ್ಟಿದೆಯೆಂದು ತೀರ್ಮಾನಿಸಿ ಅದನ್ನು ಬದಲಿಸಲು ಹೊರಡುವವರೇ ಹೆಚ್ಚು, ಮತ್ತು ಬದಲಿಸಿದ ಮೇಲೂ ಸದ್ದು ನಿಲ್ಲದ ಉದಾಹರಣೆಗಳು ಕಡಿಮೆಯಲ್ಲ, ಏಕೆಂದರೆ ಸದ್ದಿನ ಕಾರಣ ಅನೇಕ ವೇಳೆ ಪೆಟ್ಟಿಗೆಯೊಳಗೆ ಇರುವುದೇ ಇಲ್ಲ.

ಮೊದಲಿಗೆ ಎರಡು ಬಗೆಯ ಸದ್ದುಗಳನ್ನು ಬೇರ್ಪಡಿಸಿಕೊಳ್ಳಬೇಕು. ಸ್ಪೀಕರಿನಿಂದ ಬರುವ ಗುಂಯ್ ವಿದ್ಯುತ್ತಿನ ಸಮಸ್ಯೆ. ಅರ್ತಿಂಗ್ ಸರಿಯಿಲ್ಲದಿರುವುದು, ಒಳಗಿನ ಫಿಲ್ಟರ್ ಕಪ್ಯಾಸಿಟರ್ ಒಣಗಿರುವುದು, ಸಂಕೇತದ ತಂತಿ ಕರೆಂಟಿನ ತಂತಿಗೆ ಅಂಟಿಕೊಂಡು ಹೋಗಿರುವುದು ಮುಂತಾದವು ಅದರ ಕಾರಣಗಳು. ಪೆಟ್ಟಿಗೆಯಿಂದಲೇ, ಅಂದರೆ ಟ್ರಾನ್ಸ್‌ಫಾರ್ಮರಿನ ಮೈಯಿಂದಲೇ ಗಾಳಿಗೆ ಸೇರುವ ಸದ್ದು ಯಾಂತ್ರಿಕವಾದದ್ದು, ಅಂದರೆ ಒಂದು ವಸ್ತು ನಿಜವಾಗಿ ಅಲುಗಾಡುವುದರಿಂದ ಹುಟ್ಟಿದ್ದು. ಆಂಪ್ಲಿಫೈಯರನ್ನು ಆರಿಸಿ, ಸ್ಪೀಕರಿನ ತಂತಿಗಳನ್ನು ಕಳಚಿ, ಮತ್ತೆ ಸ್ವಿಚ್ ಹಾಕಿದಾಗಲೂ ಸದ್ದು ಉಳಿದರೆ ಅದು ಎರಡನೆಯ ಬಗೆಯದೆಂದು ಖಚಿತವಾಗುತ್ತದೆ (ಹಳೆಯ ವಾಲ್ವ್ ಆಂಪ್ಲಿಫೈಯರುಗಳನ್ನು ಮಾತ್ರ ಸ್ಪೀಕರ್ ಇಲ್ಲದೆ ನಡೆಸಬಾರದು, ಅವುಗಳ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು). ಇಲ್ಲಿನ ವಿವೇಚನೆ ಈ ಎರಡನೆಯ ಸದ್ದಿಗೆ ಸಂಬಂಧಿಸಿದ್ದು.

ಭಾರತದ ಮನೆಗಳಿಗೆ ಬರುವ ವಿದ್ಯುತ್ತು ಪರ್ಯಾಯ ಪ್ರವಾಹ, ಅಂದರೆ ದಿಕ್ಕನ್ನು ಬದಲಿಸುತ್ತಲೇ ಇರುವ ಪ್ರವಾಹ. ಅದು ಸೆಕೆಂಡಿಗೆ 50 ಆವರ್ತಗಳನ್ನು ಮುಗಿಸುತ್ತದೆ. ಪ್ರತಿ ಆವರ್ತದಲ್ಲಿಯೂ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಒಮ್ಮೆ ಒಂದು ದಿಕ್ಕಿಗೂ ಇನ್ನೊಮ್ಮೆ ಅದರ ವಿರುದ್ಧ ದಿಕ್ಕಿಗೂ ಕಾಂತವಾಗುತ್ತದೆ. ಕಬ್ಬಿಣ ಕಾಂತವಾದಾಗ ಅದರ ಉದ್ದ ಅತ್ಯಲ್ಪ ಪ್ರಮಾಣದಲ್ಲಿ ಬದಲಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಜೇಮ್ಸ್ ಜೂಲ್ 1842ರಲ್ಲಿ ಕಂಡುಹಿಡಿದನು. ಶಕ್ತಿಯ ಏಕಮಾನಕ್ಕೆ ಇಂದು ಇರುವುದು ಇದೇ ವಿಜ್ಞಾನಿಯ ಹೆಸರು. ಮ್ಯಾಗ್ನೆಟೋಸ್ಟ್ರಿಕ್ಷನ್ ಎಂದು ಕರೆಯಲಾಗುವ ಈ ಗುಣದ ವಿಶೇಷವೆಂದರೆ ಕಾಂತದ ದಿಕ್ಕು ಯಾವುದೇ ಇರಲಿ, ಉದ್ದದ ಬದಲಾವಣೆ ಒಂದೇ ತೆರನಾಗಿರುತ್ತದೆ. ಆದ್ದರಿಂದ ಒಂದು ಆವರ್ತದಲ್ಲಿ ಕಬ್ಬಿಣ ಎರಡು ಸಲ ಹಿಗ್ಗಿ ಎರಡು ಸಲ ಮೊದಲಿನ ಸ್ಥಿತಿಗೆ ಮರಳುತ್ತದೆ. 50 ಆವರ್ತಗಳ ಕರೆಂಟು 100 ಕಂಪನಗಳ ಸದ್ದನ್ನು ಕೊಡುವುದು ಹೀಗೆ. ಈ ಹಿಗ್ಗುವಿಕೆ ಎಷ್ಟು ಸೂಕ್ಷ್ಮವೆಂದರೆ, ಸಿಲಿಕಾನ್ ಬೆರೆತ ಉಕ್ಕಿನಲ್ಲಿ ಅದು ಹತ್ತು ಲಕ್ಷದಲ್ಲಿ ಕೆಲವೇ ಭಾಗಗಳಷ್ಟು. ಹತ್ತು ಸೆಂಟಿಮೀಟರ್ ಉದ್ದದ ತಿರುಳಿನಲ್ಲಿ ತಲೆಗೂದಲಿನ ದಪ್ಪದ ನೂರರಲ್ಲೊಂದು ಭಾಗವೂ ಆಗದು. ಇಷ್ಟು ಚಿಕ್ಕ ಚಲನೆಯೂ ಅಗಲವಾದ ಲೋಹದ ಮೈಗೆ ತಾಗಿದಾಗ ಕೋಣೆಯ ಇನ್ನೊಂದು ಮೂಲೆಗೆ ಕೇಳುವಷ್ಟು ಗಾಳಿಯನ್ನು ಅಲುಗಿಸಬಲ್ಲದು.

ತಿರುಳನ್ನು ಇಡಿಯ ಕಬ್ಬಿಣದ ಗಟ್ಟಿಯಿಂದ ಮಾಡುವುದಿಲ್ಲ. ಗಟ್ಟಿಯಾದ ಕಬ್ಬಿಣದೊಳಗೆ ಸುಳಿಪ್ರವಾಹಗಳು ಹುಟ್ಟಿ ಅದನ್ನು ಕಾಯಿಸುತ್ತವೆಯಾದ್ದರಿಂದ, ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ತಗಡುಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಕೆಲಸಗಾರರು ‘ಸ್ಟ್ಯಾಂಪಿಂಗ್’ ಎನ್ನುವ ಈ ತಗಡುಗಳು ಸಾಮಾನ್ಯವಾಗಿ ಇಂಗ್ಲಿಷಿನ ‘ಇ’ ಮತ್ತು ‘ಐ’ ಅಕ್ಷರಗಳ ಆಕಾರದಲ್ಲಿರುತ್ತವೆ. ತಂತಿ ಸುತ್ತಿದ ಬಾಬಿನ್ನಿನ ನಡುವೆ ‘ಇ’ಯ ಮಧ್ಯದ ಕಾಲನ್ನು ಒಮ್ಮೆ ಈ ಕಡೆಯಿಂದ, ಇನ್ನೊಮ್ಮೆ ಆ ಕಡೆಯಿಂದ ತೂರಿಸಿ, ಉಳಿದ ಬಾಯಿಯನ್ನು ‘ಐ’ ತಗಡಿನಿಂದ ಮುಚ್ಚುತ್ತಾರೆ. ಹೀಗೆ ಪೇರಿಸುವಾಗ ಕೊನೆಯ ಎರಡು ಮೂರು ತಗಡುಗಳು ಹಿಡಿಸಲಿಲ್ಲವೆಂದು ಬಿಟ್ಟುಬಿಟ್ಟರೆ, ಕಟ್ಟು ಸಡಿಲವಾಗಿ ಪ್ರತಿ ತಗಡೂ ಪಕ್ಕದ ತಗಡಿಗೆ ಬಡಿಯತೊಡಗುತ್ತದೆ, ಮತ್ತು ತಗ್ಗು ಶ್ರುತಿಯ ಗುಂಯ್ ಸದ್ದಿನ ಮೇಲೆ ಕರ್ಕಶವಾದ ಝರ್ ಎಂಬ ಇನ್ನೊಂದು ಸದ್ದು ಏರಿಕೊಳ್ಳುತ್ತದೆ. ಮನುಷ್ಯನ ಕಿವಿ 100 ಕಂಪನಗಳ ಸ್ವರಕ್ಕಿಂತ ಅದರ ಮೂರು, ನಾಲ್ಕು, ಐದು ಪಟ್ಟಿನ ಸ್ವರಗಳಿಗೆ ಹೆಚ್ಚು ಸೂಕ್ಷ್ಮವಾಗಿರುವುದರಿಂದ, ಕೇಳುಗರನ್ನು ನಿಜವಾಗಿ ಕಾಡುವುದು ಈ ಝರ್ ಸದ್ದೇ.

ಇದನ್ನು ತಡೆಯುವುದು ವಾರ್ನಿಷ್. ಟ್ರಾನ್ಸ್‌ಫಾರ್ಮರನ್ನು ಮೊದಲು ಕಾಯಿಸಿ ತೇವ ತೆಗೆದು, ವಾರ್ನಿಷಿನಲ್ಲಿ ಪೂರ್ತಿ ಮುಳುಗಿಸಿ, ಗುಳ್ಳೆಗಳು ಏಳುವುದು ನಿಂತ ಮೇಲೆ ಹೊರತೆಗೆದು ಬೇಯಿಸಿದರೆ, ತಗಡಿನಿಂದ ತಗಡಿಗೆ, ಸುತ್ತಿನಿಂದ ಸುತ್ತಿಗೆ ಅಂಟು ಬಿದ್ದು ಇಡೀ ಕಟ್ಟು ಒಂದೇ ಗಟ್ಟಿಯಂತಾಗುತ್ತದೆ. ಗಾಳಿಯನ್ನು ಹೀರಿ ತೆಗೆದ ಪಾತ್ರೆಯೊಳಗೆ ಇದನ್ನೇ ಮಾಡಿದರೆ ವಾರ್ನಿಷ್ ಒಳಗಿನ ಸಂದುಗಳಿಗೂ ಇಳಿಯುತ್ತದೆ. ಕೃಷಿ ಪಂಪುಗಳನ್ನೇ ನಂಬಿದ ಹಾವೇರಿಯಂಥ ಜಿಲ್ಲೆಯಲ್ಲಿ ಸುಟ್ಟ ಮೋಟಾರುಗಳಿಗೆ ಮತ್ತೆ ತಂತಿ ಸುತ್ತುವ ರಿವೈಂಡಿಂಗ್ ಕಸುಬು ಚೆನ್ನಾಗಿ ಬೇರೂರಿದೆ. ಪಂಪಿನ ಮೋಟಾರಿಗೆ ವಾರ್ನಿಷ್ ಕುಡಿಸುವ ಕೈಗೆ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿಗೂ ಕುಡಿಸುವುದು ಹೊಸ ವಿದ್ಯೆಯೇನಲ್ಲ. ಆದರೆ ಹೊರಮೈಗೆ ಬ್ರಷ್‌ನಿಂದ ವಾರ್ನಿಷ್ ಬಳಿದು ಹೊಳಪು ತಂದರೆ ಸಾಲದು. ಸದ್ದು ಹುಟ್ಟುವುದು ಒಳಗಿನ ಸಂದುಗಳಲ್ಲಿ.

ಇಷ್ಟು ಟ್ರಾನ್ಸ್‌ಫಾರ್ಮರಿನ ಒಳಗಿನ ಮಾತು. ಹೊರಗಿನ ಕಾರಣಗಳು ಇದಕ್ಕಿಂತ ಮುಖ್ಯ, ಮತ್ತು ಅವನ್ನು ತಿಳಿಯಲು ಒಂದು ಸರಳ ಸಂಬಂಧವನ್ನು ನೆನಪಿಟ್ಟುಕೊಂಡರೆ ಸಾಕು: ತಿರುಳಿನಲ್ಲಿ ಏರುವ ಕಾಂತದ ಪ್ರಮಾಣ ವೋಲ್ಟೇಜ್ ಹೆಚ್ಚಿದಂತೆ ಹೆಚ್ಚುತ್ತದೆ, ಆವರ್ತಗಳ ಸಂಖ್ಯೆ ಇಳಿದಂತೆಯೂ ಹೆಚ್ಚುತ್ತದೆ. ಉಕ್ಕು ಹೊರಬಲ್ಲ ಕಾಂತಕ್ಕೆ ಒಂದು ಮಿತಿಯಿದೆ. ಸಿಲಿಕಾನ್ ಉಕ್ಕಿನಲ್ಲಿ ಅದು ಹೆಚ್ಚುಕಡಿಮೆ 2 ಟೆಸ್ಲಾ, ಟೆಸ್ಲಾ ಎಂಬುದು ಕಾಂತದ ಸಾಂದ್ರತೆಯನ್ನು ಅಳೆಯುವ ಮಾನ. ಆ ಮಿತಿಯನ್ನು ಮುಟ್ಟಿದ ಸ್ಥಿತಿಗೆ ಪರ್ಯಾಪ್ತ ಸ್ಥಿತಿ ಎನ್ನುತ್ತಾರೆ, ನೀರು ಇನ್ನಷ್ಟು ಉಪ್ಪನ್ನು ಕರಗಿಸಿಕೊಳ್ಳಲಾರದ ಹಂತಕ್ಕೆ ಹೇಳುವ ಹಾಗೆಯೇ. ಮಿತಿಯ ಹತ್ತಿರ ಹೋದಂತೆಲ್ಲ ಟ್ರಾನ್ಸ್‌ಫಾರ್ಮರ್ ಎಳೆಯುವ ಪ್ರವಾಹ ಮೊನಚಾದ ಏರುಗಳಾಗಿ ಬದಲಾಗುತ್ತದೆ, ತಂತಿಯ ಸುತ್ತುಗಳು ಒಂದನ್ನೊಂದು ಜಗ್ಗತೊಡಗುತ್ತವೆ, ಸದ್ದು ಒಮ್ಮೆಲೇ ಏರುತ್ತದೆ. ಹಣ ಮತ್ತು ತೂಕ ಉಳಿಸಲೆಂದು ಕಡಿಮೆ ಕಬ್ಬಿಣ ಹಾಕಿ, ಮಿತಿಗೆ ಸಮೀಪದಲ್ಲೇ ಕೆಲಸ ಮಾಡುವಂತೆ ರೂಪಿಸಿದ ಟ್ರಾನ್ಸ್‌ಫಾರ್ಮರಿನಲ್ಲಿ ಶೇಕಡ ಐದರಷ್ಟು ವೋಲ್ಟೇಜ್ ಏರಿಕೆಯೂ ಕಿವಿಗೆ ಗೊತ್ತಾಗುತ್ತದೆ.

ಮನೆಗೆ ಬರಬೇಕಾದ ವೋಲ್ಟೇಜ್ 230. ಅದರಲ್ಲಿ ಶೇಕಡ 6ರಷ್ಟು ಏರಿಳಿತಕ್ಕೆ ಅವಕಾಶವಿರುವುದರಿಂದ 216ರಿಂದ 244ರವರೆಗಿನ ಯಾವ ಅಂಕಿಯೂ ನಿಯಮದ ಒಳಗಿನದೇ. ಹೊಲಗಳಿಗೆ ತ್ರೀಫೇಸ್ ಕರೆಂಟು ಕೊಡುವ ಹೊತ್ತಿನಲ್ಲಿ ಪಂಪುಗಳೆಲ್ಲ ಒಟ್ಟಿಗೆ ನಡೆದಾಗ ವೋಲ್ಟೇಜ್ ಕುಸಿಯುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಹಂಗಾಮಿನಲ್ಲಿ ಶೈತ್ಯಾಗಾರಗಳ ಮತ್ತು ಖಾರದ ಪುಡಿ ಮಾಡುವ ಗಿರಣಿಗಳ ದೊಡ್ಡ ಮೋಟಾರು ಶುರುವಾದ ಕ್ಷಣದಲ್ಲಿ ದೀಪ ಮಂಕಾಗುವುದೂ ಇದೇ ಕುಸಿತ. ಅವೆಲ್ಲ ನಿಂತ ಮೇಲೆ, ರಾತ್ರಿ ಹತ್ತರ ನಂತರ, ತಂತಿಯ ಮೇಲಿನ ಹೊರೆ ಇಳಿದು ವೋಲ್ಟೇಜ್ ಏರುತ್ತದೆ, ಮತ್ತು ಟಿಸಿಗೆ ತೀರ ಹತ್ತಿರದ ಮನೆಗಳಲ್ಲಿ ಅದು ಎಲ್ಲಕ್ಕಿಂತ ಹೆಚ್ಚಿರುತ್ತದೆ. ಊರು ನಿಶ್ಶಬ್ದವಾಗಿ ಸಂಗೀತ ಕೇಳಲು ಹದವಾದ ಹೊತ್ತಿನಲ್ಲೇ ಪೆಟ್ಟಿಗೆಯ ಸದ್ದು ಜೋರಾಗುವುದು ಕೇವಲ ಭ್ರಮೆಯಲ್ಲ.

ಆವರ್ತಗಳು ಇಳಿಯುವ ಸಂದರ್ಭವೂ ಈ ಭಾಗಕ್ಕೆ ಪರಿಚಿತವಾದದ್ದು. ಜಾತ್ರೆಯಲ್ಲಿ, ದೀಪಾವಳಿಯ ನಂತರ ಹಳ್ಳಿಗಳಲ್ಲಿ ನಡೆಯುವ ಹೋರಿ ಹಬ್ಬದ ಅಖಾಡದಲ್ಲಿ ಮೈಕ್ ಸೆಟ್ಟಿಗೆ ಜನರೇಟರಿನಿಂದ ಕರೆಂಟು ಕೊಟ್ಟಾಗ, ಹೊರೆ ಹೆಚ್ಚಿ ಎಂಜಿನ್ನಿನ ವೇಗ ಇಳಿದು ಆವರ್ತಗಳು 50ರಿಂದ 47ಕ್ಕೆ ಬಂದರೆ, ವೋಲ್ಟೇಜ್ ಬದಲಾಗದಿದ್ದರೂ ತಿರುಳಿನ ಕಾಂತ ಶೇಕಡ 6ರಷ್ಟು ಏರುತ್ತದೆ. ಅಮೆರಿಕದಲ್ಲಿರುವ ಮಕ್ಕಳು ಕಳಿಸಿದ ಆಂಪ್ಲಿಫೈಯರಿನ ಸಂಗತಿ ಇನ್ನೂ ಗಂಭೀರ: ಅಲ್ಲಿನ ಕರೆಂಟು 120 ವೋಲ್ಟಿನದು, 60 ಆವರ್ತಗಳದು. ವೋಲ್ಟೇಜನ್ನು ಇಳಿಸಿಕೊಡುವ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದು ಆವರ್ತಗಳನ್ನು ಬದಲಿಸಲಾರದು. ಬರೀ 60 ಆವರ್ತಗಳಿಗೆಂದು ರೂಪಿಸಿದ ತಿರುಳು ಇಲ್ಲಿ ಶೇಕಡ 20ರಷ್ಟು ಹೆಚ್ಚಿನ ಕಾಂತವನ್ನು ಹೊರಬೇಕಾಗುತ್ತದೆ, ಗುಂಯ್‌ಗುಡುತ್ತದೆ, ಕಾಯುತ್ತದೆ. ಹಿಂಬದಿಯ ಪಟ್ಟಿಯಲ್ಲಿ 50/60 ಎಂದು ಬರೆದಿದೆಯೇ ಎಂಬುದನ್ನು ನೋಡದೆ ಅಂಥದನ್ನು ಬಳಸಬಾರದು.

ಮೂರನೆಯ ಹೊರಗಿನ ಕಾರಣವನ್ನು ರಿಪೇರಿ ಮಾಡುವವರಲ್ಲಿಯೂ ಅನೇಕರು ಗಮನಿಸುವುದಿಲ್ಲ. ಒಳ್ಳೆಯ ಆಂಪ್ಲಿಫೈಯರುಗಳಲ್ಲಿ ‘ಇ’ ‘ಐ’ ತಗಡುಗಳ ಬದಲು, ಉದ್ದನೆಯ ಉಕ್ಕಿನ ಪಟ್ಟಿಯನ್ನು ಸಿಂಬಿಯಂತೆ ಸುತ್ತಿ ಅದರ ಮೇಲೆ ತಂತಿ ಸುತ್ತಿದ, ಬಳೆಯಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ತಿರುಳಿನಲ್ಲಿ ಎಲ್ಲಿಯೂ ಸಂದಿಲ್ಲದ ಕಾರಣ ಅದು ಸಹಜವಾಗಿ ಶಾಂತ ಸ್ವಭಾವದ್ದು. ಆದರೆ ಸಂದಿಲ್ಲದಿರುವುದೇ ಅದರ ದೌರ್ಬಲ್ಯವೂ ಹೌದು, ಏಕೆಂದರೆ ಪರ್ಯಾಯ ಪ್ರವಾಹದ ಜೊತೆಗೆ ಒಂದಿಷ್ಟು ನೇರ ಪ್ರವಾಹ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಪ್ರವಾಹ, ಬೆರೆತು ಬಂದರೂ ತಿರುಳು ಒಂದು ಕಡೆಗೆ ವಾಲಿ ಪರ್ಯಾಪ್ತ ಸ್ಥಿತಿಗೆ ತಲುಪಿಬಿಡುತ್ತದೆ. ಮನೆಯ ಕರೆಂಟಿನಲ್ಲಿ ನೇರ ಪ್ರವಾಹ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಒಂದು ಲೆಕ್ಕ ಉತ್ತರ ಕೊಡುತ್ತದೆ. 1000 ವ್ಯಾಟಿನ ಕಾಯಿಸುವ ಸಾಧನವೊಂದು, ‘ಅರ್ಧ ಬಿಸಿ’ಯ ಸ್ಥಾನದಲ್ಲಿ, ಒಳಗಿನ ಒಂದು ಡಯೋಡಿನ ಮೂಲಕ ಪ್ರತಿ ಆವರ್ತದ ಅರ್ಧವನ್ನಷ್ಟೇ ಬಳಸಿಕೊಳ್ಳುತ್ತದೆಯೆಂದು ಇಟ್ಟುಕೊಳ್ಳೋಣ, ಕೂದಲು ಒಣಗಿಸುವ ಕೆಲವು ಅಗ್ಗದ ಯಂತ್ರಗಳಲ್ಲಿ ಇರುವ ಏರ್ಪಾಡು ಇದೇ. ಆಗ ತಂತಿಯಲ್ಲಿ ಸರಾಸರಿ 2 ಆಂಪಿಯರಿನಷ್ಟು ಪ್ರವಾಹ ಒಂದೇ ದಿಕ್ಕಿಗೆ ಹರಿಯುತ್ತದೆ. ಕಂಬದಿಂದ ಮನೆಯವರೆಗಿನ ತಂತಿಯ ರೋಧ 0.4 ಓಮ್ ಇದ್ದರೆ ಅಲ್ಲಿ 0.8 ವೋಲ್ಟಿನಷ್ಟು ನೇರ ವೋಲ್ಟೇಜ್ ಹುಟ್ಟುತ್ತದೆ. 230ರ ಮುಂದೆ ಇದು ಏನೂ ಅಲ್ಲವೆನಿಸಬಹುದು. ಆದರೆ ದೊಡ್ಡ ಟೊರಾಯ್ಡಿನ ಮೊದಲ ಸುರುಳಿಯ ರೋಧವೇ ಕೆಲವು ಓಮ್‌ಗಳಷ್ಟು ಮಾತ್ರ ಇರುವುದರಿಂದ, ಅರ್ಧ ವೋಲ್ಟು ಕೂಡ ಅದನ್ನು ಗುರುಗುಟ್ಟಿಸಲು ಸಾಕು.

ಓಣಿಯ ಟಿಸಿ ಇಲ್ಲಿ ಪತ್ತೆಗೆ ನೆರವಾಗುತ್ತದೆ. ಯಾವ ಟ್ರಾನ್ಸ್‌ಫಾರ್ಮರೂ ನೇರ ಪ್ರವಾಹವನ್ನು ಒಂದು ಸುರುಳಿಯಿಂದ ಇನ್ನೊಂದಕ್ಕೆ ದಾಟಿಸಲಾರದು. ಆದ್ದರಿಂದ ಪೆಟ್ಟಿಗೆಯನ್ನು ಗುರುಗುಟ್ಟಿಸುವ ನೇರ ಪ್ರವಾಹ ದೂರದ ಸಬ್‌ಸ್ಟೇಷನ್ನಿನಿಂದ ಬಂದಿರಲಾರದು. ಅದರ ಮೂಲ ಅದೇ ಮನೆಯಲ್ಲಿರಬೇಕು, ಇಲ್ಲವೆ ಅದೇ ಟಿಸಿಯಿಂದ ಕರೆಂಟು ಪಡೆಯುವ ನೆರೆಮನೆಯಲ್ಲಿರಬೇಕು. ಸದ್ದು ದಿನದ ಒಂದು ನಿರ್ದಿಷ್ಟ ಹೊತ್ತಿನಲ್ಲಿ ಬಂದು ಕೆಲವು ನಿಮಿಷಗಳಲ್ಲಿ ನಿಂತುಹೋಗುವುದಾದರೆ ಅನುಮಾನ ಬಹುತೇಕ ಖಚಿತವೇ. ಇನ್ನೊಂದು ಪರೀಕ್ಷೆಯೂ ಇದೆ: ಮೊಬೈಲ್ ಫೋನಿನಲ್ಲಿ ಸದ್ದಿನ ಆವರ್ತಗಳನ್ನು ಬಿಡಿಸಿ ತೋರಿಸುವ ಉಚಿತ ಆ್ಯಪ್‌ಗಳು ಸಿಗುತ್ತವೆ, ಪೆಟ್ಟಿಗೆಯ ಬಳಿ ಹಿಡಿದಾಗ 100, 200, 300ರ ಬಳಿ ಮಾತ್ರ ಶಿಖರಗಳು ಕಂಡರೆ ಅದು ಸಾಮಾನ್ಯ ಸದ್ದು, ಅವುಗಳ ನಡುವೆ 150, 250ರ ಬಳಿಯೂ ಶಿಖರಗಳೆದ್ದರೆ ತಿರುಳು ಒಂದು ಕಡೆಗೆ ವಾಲಿದೆ ಎಂದರ್ಥ.

ಕರೆಂಟು ಹೋದಾಗ ಇನ್ವರ್ಟರಿನ ಮೇಲೆ ಫ್ಯಾನು ಗುಂಯ್‌ಗುಡುವುದನ್ನು ಕೇಳದ ಮನೆ ವಿರಳ. ಅಗ್ಗದ ಇನ್ವರ್ಟರುಗಳು ಕೊಡುವ ವಿದ್ಯುತ್ತಿನ ಅಲೆ ನುಣುಪಾಗಿರದೆ ಚೌಕಾಕಾರವಾಗಿರುತ್ತದೆ, ಮತ್ತು ಆ ಚೌಕದ ಮೂಲೆಗಳಲ್ಲಿ ಅಡಗಿದ 150, 250, 350 ಮುಂತಾದ ಹೆಚ್ಚಿನ ಆವರ್ತಗಳೇ ಫ್ಯಾನಿನ ಹಾಗೂ ಆಂಪ್ಲಿಫೈಯರಿನ ಕಬ್ಬಿಣವನ್ನು ಕಿರುಚಿಸುತ್ತವೆ. ಶುದ್ಧ ಸೈನ್ ಅಲೆಯ ಇನ್ವರ್ಟರಿನಲ್ಲಿ ಈ ತೊಂದರೆಯಿಲ್ಲ.

ಸಾರ್ವಜನಿಕ ಧ್ವನಿವರ್ಧಕದ ಆಂಪ್ಲಿಫೈಯರುಗಳಲ್ಲಿ ಇನ್ನೊಂದು ವಿಚಿತ್ರವಿದೆ. ಹೋರಿ ಹಬ್ಬದ ಅಖಾಡದಲ್ಲಿ ಹಾರ್ನುಗಳನ್ನು 200 ಮೀಟರ್ ದೂರದವರೆಗೆ ಕಟ್ಟುವುದುಂಟು. ಹೋಗಿಬರುವ 400 ಮೀಟರಿನ, ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಸುಮಾರು 7 ಓಮ್ ರೋಧವಿರುವುದರಿಂದ, 8 ಓಮಿನ ಸ್ಪೀಕರಿಗೆ ನೇರವಾಗಿ ಜೋಡಿಸಿದರೆ ಹೆಚ್ಚುಕಡಿಮೆ ಅರ್ಧ ಶಕ್ತಿ ತಂತಿಯಲ್ಲೇ ಸುಟ್ಟುಹೋಗುತ್ತದೆ. ಇದನ್ನು ತಪ್ಪಿಸಲು ಆಂಪ್ಲಿಫೈಯರಿನೊಳಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎಂಬ ಎರಡನೆಯ ಟ್ರಾನ್ಸ್‌ಫಾರ್ಮರನ್ನು ಇಟ್ಟು, ಧ್ವನಿಯ ವಿದ್ಯುತ್ತನ್ನು 100 ವೋಲ್ಟಿಗೆ ಏರಿಸಿ ಕಳಿಸುತ್ತಾರೆ. ಆಗ 100 ವ್ಯಾಟಿನ ಹೊರೆಗೆ ಒಂದೇ ಆಂಪಿಯರ್ ಸಾಕಾಗಿ, ತಂತಿಯ ನಷ್ಟ ಶೇಕಡ 7ರ ಒಳಗೆ ಬರುತ್ತದೆ. ಈ ಎರಡನೆಯ ಟ್ರಾನ್ಸ್‌ಫಾರ್ಮರಿನ ಕಬ್ಬಿಣವನ್ನು ಕಾಂತಗೊಳಿಸುವುದು ಕಂಬದ ಕರೆಂಟಲ್ಲ, ಮೈಕಿನ ಮುಂದಿರುವವರ ಧ್ವನಿಯೇ. ಹೀಗಾಗಿ ಪೆಟ್ಟಿಗೆಗೆ ಕಿವಿ ಹಚ್ಚಿದರೆ, ಅಖಾಡದಲ್ಲಿ ಕೂಗುತ್ತಿರುವ ಹೋರಿಯ ಹೆಸರು ಸಣ್ಣ ಪಿಸುಮಾತಿನಂತೆ ಕಬ್ಬಿಣದಿಂದಲೇ ಕೇಳಿಸುತ್ತದೆ. ಇದು ದೋಷವಲ್ಲ. ಆ ಪಿಸುಮಾತಿನ ಜೊತೆ ತಗಡು ಬಡಿದ ಸದ್ದು ಸೇರಿದ್ದರೆ ಮಾತ್ರ ಬೋಲ್ಟು ಬಿಗಿಮಾಡುವ ಕಾಲ ಬಂದಿದೆಯೆನ್ನಬೇಕು.

ಹೊರಾಂಗಣದ ಗದ್ದಲದಲ್ಲಿ ಲೆಕ್ಕಕ್ಕೆ ಬಾರದ ಸದ್ದು ಮನೆಯೊಳಗೆ, ಸಂಗೀತದ ನಡುವೆ, ನಿಜವಾದ ಹಾನಿ ಮಾಡುತ್ತದೆ. ಪಂಚಾಕ್ಷರ ಗವಾಯಿಗಳು ಹುಟ್ಟಿದ್ದು ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನಲ್ಲಿ. ಗಾಯಕಿ ಗಂಗೂಬಾಯಿ ಹಾನಗಲ್ಲ ಅವರ ಹೆಸರಿನಲ್ಲಿರುವ ಹಾನಗಲ್ಲೂ ಅದೇ. ಇಂಥ ನೆಲದ ಕೇಳುಗರಿಗೆ ಶ್ರುತಿಯೆಂದರೆ ಸಣ್ಣ ಸಂಗತಿಯಲ್ಲ. ಗಂಡು ಧ್ವನಿಗೆ ಸಾಮಾನ್ಯವಾದ ‘ಕಪ್ಪು ಒಂದು’ ಶ್ರುತಿಯ ಷಡ್ಜ ಸುಮಾರು 138 ಕಂಪನಗಳದು. ಪೆಟ್ಟಿಗೆಯ 100 ಕಂಪನಗಳ ಸದ್ದು ಆ ಷಡ್ಜಕ್ಕೆ ಮಂದ್ರದಲ್ಲಿ ತೀವ್ರ ಮಧ್ಯಮಕ್ಕೂ ಪಂಚಮಕ್ಕೂ ನಡುವೆ, ಯಾವ ಸ್ವರಸ್ಥಾನಕ್ಕೂ ಸೇರದ ಜಾಗದಲ್ಲಿ ಬೀಳುತ್ತದೆ. ತಂಬೂರಿಯ ಮಂದ್ರ ಪಂಚಮದ ಪಕ್ಕದಲ್ಲೇ ಅಪಸ್ವರವೊಂದು ಬಿಡದೆ ಮೊಳಗುತ್ತಿದ್ದರೆ, ನಿಧಾನಗತಿಯ ಆಲಾಪದ ಮೌನಗಳು ಕೆಡದೆ ಇರುವುದು ಹೇಗೆ?

ಪರಿಹಾರದ ಕ್ರಮವೂ ಕಾರಣದ ಕ್ರಮವನ್ನೇ ಅನುಸರಿಸಬೇಕು. ಮೊದಲು ವೋಲ್ಟೇಜ್ ಅಳೆಯಬೇಕು. ನಂತರ ಮನೆಯ ಇತರ ಸಾಧನಗಳನ್ನು ಒಂದೊಂದಾಗಿ ಆರಿಸಿ ಸದ್ದು ಬದಲಾಗುತ್ತದೆಯೇ ಎಂದು ಕೇಳಬೇಕು. ಪೆಟ್ಟಿಗೆಯ ಮೇಲ್ಮುಚ್ಚಳವನ್ನು ಅಂಗೈಯಿಂದ ಅದುಮಿದಾಗ ಸದ್ದು ಇಳಿದರೆ, ತೆಳು ತಗಡಿನ ಮುಚ್ಚಳವೇ ಹಲಗೆಯ ಚರ್ಮದಂತೆ ಮೊಳಗುತ್ತಿದೆ ಎಂದು ತಿಳಿದು, ಟ್ರಾನ್ಸ್‌ಫಾರ್ಮರಿನ ಕೆಳಗೆ ರಬ್ಬರಿನ ಬಿಲ್ಲೆಗಳನ್ನು ಹಾಕಿಸಬಹುದು. ಟೊರಾಯ್ಡಿನ ನಡುವಿನ ಬೋಲ್ಟಿನ ವಿಷಯದಲ್ಲಿ ಮಾತ್ರ ತುಂಬ ಎಚ್ಚರ ಬೇಕು: ಆ ಬೋಲ್ಟಿನ ಮೇಲ್ತುದಿ ಲೋಹದ ಮುಚ್ಚಳವನ್ನು ಮುಟ್ಟಿದರೆ, ಬೋಲ್ಟು, ಮುಚ್ಚಳ, ತಳ ಮೂರೂ ಸೇರಿ ತಿರುಳನ್ನು ಬಳಸಿದ ಒಂದು ಪೂರ್ಣ ಸುತ್ತಾಗಿ, ಅದರಲ್ಲಿ ಭಾರಿ ಪ್ರವಾಹ ಹರಿದು ಟ್ರಾನ್ಸ್‌ಫಾರ್ಮರ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ನೇರ ಪ್ರವಾಹವೇ ಕಾರಣವೆಂದು ಗೊತ್ತಾದರೆ, ಡಯೋಡುಗಳನ್ನೂ ದೊಡ್ಡ ಕಪ್ಯಾಸಿಟರುಗಳನ್ನೂ ಜೋಡಿಸಿದ, ಒಂದು ವೋಲ್ಟಿನ ಆಸುಪಾಸಿನ ನೇರ ವೋಲ್ಟೇಜನ್ನು ತಡೆಯುವ ಚಿಕ್ಕ ಮಂಡಲವನ್ನು ಕರೆಂಟಿನ ದಾರಿಯಲ್ಲಿ ಸೇರಿಸಬಹುದು. ಇದು ನೇರವಾಗಿ 230 ವೋಲ್ಟಿಗೆ ತಾಗಿದ ಕೆಲಸವಾದ್ದರಿಂದ ಬಲ್ಲ ತಂತ್ರಜ್ಞರೇ ಮಾಡಬೇಕು.

ಈಗ ಬರುತ್ತಿರುವ ಹೊಸ ಆಂಪ್ಲಿಫೈಯರುಗಳಲ್ಲಿ ಹೆಚ್ಚಿನವು ಎಸ್‌ಎಂಪಿಎಸ್ ಎಂಬ ಬೇರೆ ಬಗೆಯ ವಿದ್ಯುತ್ ವ್ಯವಸ್ಥೆಯನ್ನು ಬಳಸುತ್ತವೆ. ಅದರ ಪುಟ್ಟ ಟ್ರಾನ್ಸ್‌ಫಾರ್ಮರ್ ಕಿವಿಗೆ ನಿಲುಕದಷ್ಟು ಹೆಚ್ಚಿನ ಆವರ್ತಗಳಲ್ಲಿ ಕೆಲಸ ಮಾಡುವುದರಿಂದ ಗುಂಯ್ ಎನ್ನುವುದಿಲ್ಲ. ಆದರೂ ತಂತಿ, ತಗಡು, ವಾರ್ನಿಷ್ ಬಲ್ಲ ಕೈ ಇರುವ ಯಾವ ಊರಿನಲ್ಲಾದರೂ ಮತ್ತೆ ಜೀವ ತುಂಬಬಹುದಾದ ಹಳೆಯ ಟ್ರಾನ್ಸ್‌ಫಾರ್ಮರನ್ನು ಸದ್ದಿನ ಒಂದೇ ಕಾರಣಕ್ಕೆ ಗುಜರಿಗೆ ಹಾಕುವುದು ನಷ್ಟದ ಕೆಲಸ. ಒಂದು ಸದ್ದನ್ನು ಮಾತ್ರ ಎಂದೂ ಕಡೆಗಣಿಸಬಾರದು: ಪೆಟ್ಟಿಗೆಯ ಗುಂಯ್ ಒಮ್ಮೆಲೇ ಹಲವು ಪಟ್ಟು ಏರಿ ದೀಪಗಳೂ ಅತಿಯಾಗಿ ಬೆಳಗಿದರೆ, ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದಿರುವ ಸಂಭವವಿದೆ, ಮತ್ತು ಆಗ ಮನೆಯ ವೋಲ್ಟೇಜ್ 400ರ ಹತ್ತಿರಕ್ಕೂ ಹೋಗಬಹುದು. ತಕ್ಷಣ ಮೇನ್ ಸ್ವಿಚ್ ತೆಗೆಯಬೇಕು. ಉಳಿದಂತೆ, ಪೆಟ್ಟಿಗೆಯನ್ನು ರಿಪೇರಿಗೆ ಒಯ್ಯುವ ಮೊದಲು ಒಂದು ವಾರ ಸದ್ದು ಏರಿದ ಗಂಟೆಯನ್ನೂ ಆಗಿನ ವೋಲ್ಟೇಜನ್ನೂ ಚೀಟಿಯಲ್ಲಿ ಬರೆದಿಡಿ. ಅಂಕಿ ಮತ್ತೆ ಮತ್ತೆ 244 ದಾಟುತ್ತಿದ್ದರೆ ಆ ಚೀಟಿ ಸೇರಬೇಕಾದದ್ದು ರಿಪೇರಿ ಅಂಗಡಿಗಲ್ಲ, ಈ ಭಾಗಕ್ಕೆ ವಿದ್ಯುತ್ ಪೂರೈಸುವ ಹೆಸ್ಕಾಂ ಕಚೇರಿಗೆ. ದೂರವಾಣಿಯಲ್ಲಿ ದೂರು ಕೊಡುವ ಸಂಖ್ಯೆ 1912.